ಬಳ್ಳಾರಿ ಬಿಸಿಲಿಗೆ ಗೇಮಿಂಗ್ ಪಿಸಿ: ರೈಜನ್ 5 5600 ತಗೊಳ್ಳೋದಾ, 7600 ತಗೊಳ್ಳೋದಾ?

ಎರಡೂ ಎಎಂಡಿ ಕಂಪನಿಯ ಪ್ರೊಸೆಸರ್‌ಗಳೇ, ಎರಡರಲ್ಲೂ 6 ಕೋರ್, 65 ವ್ಯಾಟ್. ವ್ಯತ್ಯಾಸ ಶುರುವಾಗೋದು ಮದರ್‌ಬೋರ್ಡಿನಲ್ಲಿ. 5600ಕ್ಕೆ ಎಎಂ4 ಸಾಕೆಟ್ (ಪ್ರೊಸೆಸರ್ ಕೂರೋ ಜಾಗ) ಇರೋ ಬೋರ್ಡ್, ಡಿಡಿಆರ್4 ರ‍್ಯಾಮ್. 7600ಕ್ಕೆ ಎಎಂ5, ಡಿಡಿಆರ್5. ಒಂದರ ರ‍್ಯಾಮ್ ಇನ್ನೊಂದರ ಬೋರ್ಡಿನಲ್ಲಿ ಕೂರೋದೇ ಇಲ್ಲ, ಕೆಳಗಿನ ಸಣ್ಣ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಹಾಗಾಗಿ ಹಳೇ ಡಿಡಿಆರ್4 ಮನೆಯಲ್ಲಿದ್ದರೆ ಸುಮ್ನೆ ಖರ್ಚು ಜಾಸ್ತಿ ಮಾಡಿಕೊಳ್ಳಬೇಡಿ, 5600 ಸಾಕು.

ಎಲ್ಲಾ ಹೊಸದಾಗಿ ಕೊಳ್ಳೋದಾದರೆ ನನ್ನ ಓಟು 7600ಕ್ಕೇ. ಅದರೊಳಗೇ ಸಣ್ಣ ಗ್ರಾಫಿಕ್ಸ್ ಇದೆ. ಗ್ರಾಫಿಕ್ಸ್ ಕಾರ್ಡ್ ಕೆಟ್ಟರೂ ಮಾನಿಟರ್‌ನಲ್ಲಿ ಚಿತ್ರ ಬರುತ್ತದೆ, 5600ರಲ್ಲಿ ಬರಲ್ಲ. ಮುಂದೆ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅದೇ ಬೋರ್ಡಿಗೆ 9000 ಸರಣಿಯ ಪ್ರೊಸೆಸರ್ ಹಾಕಬಹುದು.

ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಜೊತೆಗೆ ಅದಿರಿನ ಕೆಂಪು ಧೂಳು ಬೇರೆ, ಅಲ್ವಾ? ಬಣ್ಣದ ಲೈಟಿನ ದುಡ್ಡು ಉಳಿಸಿ, ಮುಂದೆ ಜಾಲರಿ ಇರೋ, ಫಿಲ್ಟರ್ ಕಳಚಿ ತೊಳೆಯೋಕೆ ಬರೋ ಕ್ಯಾಬಿನೆಟ್ ತಗೊಳ್ಳಿ.