ಸೋರುತ್ತಿದ್ದ ಬಾತ್‌ರೂಮ್ ಸರಿಮಾಡಿಕೊಟ್ಟ ಮೇಸ್ತ್ರಿ: ನಂಬಿ ಕೆಲಸ ಕೊಡಬಹುದು

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ಹಳೇ ಮನೆ. ಮಹಡಿ ಬಾತ್‌ರೂಮಿನ ನೀರು ಕೆಳಗಿನ ರೂಮಿನ ಸೀಲಿಂಗಿಗೆ ಇಳಿದು ಬಣ್ಣ ಉಬ್ಬಿ ಉದುರುತ್ತಿತ್ತು. ಮೊದಲು ಬಂದ ಕಾಂಟ್ರಾಕ್ಟರ್ ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತುಂಬಿ, ದುಡ್ಡು ಇಸ್ಕೊಂಡು ಹೋದರು. ಆಮೇಲೆ ಫೋನೇ ಎತ್ತಲಿಲ್ಲ. ಪಕ್ಕದ ಮನೆಯವರು ಹೇಳಿದ ಮೇಲೆ ಈ ಮೇಸ್ತ್ರಿಯನ್ನು ಕರೆಸಿದೆವು.

ಬಂದ ದಿನ ಇವರು ರೇಟ್ ಮಾತೇ ಎತ್ತಲಿಲ್ಲ. ‘ಸ್ವಲ್ಪ ದಿನ ಈ ಬಾತ್‌ರೂಮ್ ಬಳಸಬೇಡಿ ಸಾರ್, ಆದರೆ ಟ್ಯಾಂಕಿನ ವಾಲ್ವ್ ತೆರೆದೇ ಇರಲಿ’ ಅಂದರು. ಆಗಲೂ ತೇವ ಬರ್ತಾ ಇದ್ದರೆ ನೀರಿನ ಪೈಪ್ ಸೋರುತ್ತಿದೆ, ನಿಂತರೆ ನೆಲದ್ದೋ ಡ್ರೈನಿಂದೋ ತೊಂದರೆ. ನಮ್ಮಲ್ಲಿ ತೇವ ನಿಂತಿತು. ಒಡೆದು ನೋಡಿದರೆ ನಹಾನಿ ಟ್ರ್ಯಾಪ್ (ನೆಲದ ನೀರು ಹೊರಹೋಗುವ ಬಾಯಿ) ಸುತ್ತ ಗಾರೆಯೇ ಬಿಟ್ಟುಕೊಂಡಿತ್ತು.

ಕೊಟೇಶನ್ ಕೈಬರಹದಲ್ಲೇ ಕೊಟ್ಟರು, ಆದರೆ ಎಲ್ಲವೂ ಬಿಡಿಬಿಡಿಯಾಗಿತ್ತು. ಟೈಲ್ಸ್ ಚದರಡಿಗೆ ಎಷ್ಟು, ಗ್ರಾನೈಟ್ ಅಂಚಿನ ಪಾಲಿಶ್ ರನ್ನಿಂಗ್ ಫೂಟಿಗೆ ಎಷ್ಟು, ಒಡೆದ ಕಲ್ಲುಮಣ್ಣು ಸಾಗಿಸುವ ಬಾಡಿಗೆ ಯಾರದ್ದು ಅಂತ ಎಲ್ಲ ಬರೆದಿದ್ದರು. ಸಾಮಾನಿನ ಬಿಲ್ ನಮ್ಮ ಹೆಸರಿಗೇ ಮಾಡಿಸಿದರು.

ನನಗೆ ನಂಬಿಕೆ ಬಂದಿದ್ದು ಮಾತ್ರ ವಾಟರ್‌ಪ್ರೂಫಿಂಗ್ ಹಂತದಲ್ಲಿ. ಟೈಲ್ಸ್ ಕೂರಿಸಿದ ಮೇಲೆ ಕೆಳಗೆ ಏನು ಮಾಡಿದ್ದಾರೆ ಅಂತ ಯಾರಿಗೂ ಕಾಣಲ್ಲ, ಅಲ್ವಾ? ಗೋಡೆ ನೆಲ ಸೇರುವ ಮೂಲೆಗಳನ್ನು ಗಾರೆಯಲ್ಲಿ ಗುಂಡಗೆ ತಿದ್ದಿ, ಕೋಟಿಂಗನ್ನು ಗೋಡೆಗೂ ಒಂದಡಿ ಹತ್ತಿಸಿದರು. ಅದು ಒಣಗಿದ ಮೇಲೆ ಟ್ರ್ಯಾಪ್ ಬಾಯಿಗೆ ಪ್ಲಾಸ್ಟಿಕ್, ಬಟ್ಟೆ ತುರುಕಿ ನೀರು ಕಟ್ಟಿದರು. ನೀರಿನ ಮಟ್ಟಕ್ಕೆ ಗೋಡೆ ಮೇಲೆ ಪೆನ್ಸಿಲ್ ಗೀಟು ಹಾಕಿ, 48 ಗಂಟೆ ಯಾರೂ ಮುಟ್ಟಬೇಡಿ ಅಂದರು. ಮೊದಲ ಸಲ ಕೆಳಗಿನ ಸೀಲಿಂಗಿನಲ್ಲಿ ಕಮೋಡ್ ಪೈಪಿನ ಹತ್ತಿರ ತೇವದ ಕಲೆ ಕಾಣಿಸಿತು. ಮೇಸ್ತ್ರಿ ವಾದ ಮಾಡಲಿಲ್ಲ, ಹಳೇ ಮನೆ ಅಂತ ನೆಪವನ್ನೂ ಹೇಳಲಿಲ್ಲ. ನೀರು ತೆಗೆದು, ಪೈಪ್ ಸುತ್ತ ಕೆತ್ತಿ ಮತ್ತೆ ಗ್ರೌಟ್ ತುಂಬಿ, ಕೋಟಿಂಗ್ ಹೊಡೆದು ಇನ್ನೊಂದು ಸಲ ನೀರು ಕಟ್ಟಿದರು. ಇದಕ್ಕೆ ಜಾಸ್ತಿ ದುಡ್ಡು ಕೇಳಲಿಲ್ಲ. ಎರಡನೇ ಸಲ ಸೀಲಿಂಗ್ ಒಣಗಿಯೇ ಇತ್ತು, ಆಮೇಲಷ್ಟೇ ಟೈಲ್ಸ್ ಮುಟ್ಟಿದರು.

ಟೈಲ್ಸ್ ಕೂರಿಸಿದ ಮೇಲೂ ಒಂದೊಂದನ್ನೇ ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಬಂದದ್ದನ್ನು ತಾವೇ ಕಿತ್ತು ಬೇರೆ ಹಾಕಿದರು. ಕೊನೇ ಕಂತು ಬಾತ್‌ರೂಮ್ ಬಳಸಿ ನೋಡಿದ ಮೇಲೆ ಕೊಡಿ ಅಂದರು.

ಬೇಜಾರಿನ ವಿಷಯವೂ ಇದೆ. ಹೇಳಿದ ದಿನಕ್ಕೆ ಕೆಲಸ ಮುಗಿಯಲಿಲ್ಲ, ಇವರ ಪ್ಲಂಬರ್ ಬರೋದು ಯಾವಾಗಲೂ ತಡ, ಮೆಟ್ಟಿಲ ಮೇಲೆ ಬಿದ್ದ ಸಿಮೆಂಟ್ ಕಲೆ ನಾವೇ ಉಜ್ಜಬೇಕಾಯಿತು. ರೇಟ್ ಕೂಡ ನಾವು ವಿಚಾರಿಸಿದ ಬೇರೆಯವರಿಗಿಂತ ಸ್ವಲ್ಪ ಜಾಸ್ತಿಯೇ. ಆದರೂ ಟೆರೇಸ್ ಕೆಲಸ ಇವರಿಗೇ ಕೊಡುತ್ತಿದ್ದೇವೆ. ಜೂನ್ ಮಳೆಗೆ ಮುಂಚೆ ಕೆಲಸ ಆಗಬೇಕು ಅನ್ನುವವರು ಫೆಬ್ರವರಿಯಲ್ಲೇ ಹೇಳಿಡಿ, ಆಮೇಲೆ ಇವರು ಸಿಗೋದು ಕಷ್ಟ.