ಹಳೆಯ ಮಾರುತಿ 800ಕ್ಕೆ ಸೆಂಟ್ರಲ್ ಲಾಕ್, ಡಿಕ್ಕಿಗೆ ಮೋಟರ್: ಶಿವಮೊಗ್ಗದ ಅಂಗಡಿಯೊಂದರ ಕೆಲಸ

ನಮ್ಮದು 2004ರ ಮಾರುತಿ 800. ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತುಹೋಯಿತಾದರೂ ತೀರ್ಥಹಳ್ಳಿ ಸೀಮೆಯ ನಮ್ಮ ಮಣ್ಣು ದಾರಿಗೆ ಇದಕ್ಕಿಂತ ಹಗುರವಾದ, ರಿಪೇರಿಗೆ ಸುಲಭವಾದ ಇನ್ನೊಂದು ಕಾರು ನನಗೆ ಸಿಕ್ಕಿಲ್ಲ. ಆದ್ದರಿಂದ ಮಾರುವ ಯೋಚನೆಯನ್ನೂ ಮಾಡಿಲ್ಲ. ತೊಂದರೆಯಿದ್ದದ್ದು ಬಾಗಿಲುಗಳಲ್ಲಿ. ಅಮ್ಮನಿಗೆ ಮಂಡಿನೋವು. ಆಷಾಢದ ಮಳೆಯಲ್ಲಿ ನಾನು ಚಾಲಕನ ಬಾಗಿಲನ್ನು ಕೀಲಿಯಿಂದ ತೆರೆದು, ಒಳಗೆ ಕುಳಿತು, ಹಿಂದಕ್ಕೆ ಬಾಗಿ ಅವರ ಬಾಗಿಲಿನ ಲಾಕ್ ತೆಗೆಯುವ ತನಕ ಅವರು ಕೊಡೆ ಹಿಡಿದು ಹೊರಗೆ ನಿಲ್ಲಬೇಕಾಗುತ್ತಿತ್ತು. ಡಿಕ್ಕಿಯ ಪಾಡು ಇನ್ನೂ ಕಷ್ಟ. ಕೀಲಿ ಹಾಕುವ ತೂತಿಗೆ ವರ್ಷಗಟ್ಟಲೆ ನೀರಿಳಿದು ಒಳಗೆಲ್ಲ ತುಕ್ಕು ಹಿಡಿದಿತ್ತು. ಒಮ್ಮೆ ಸಂತೆಯ ಚೀಲಗಳನ್ನು ತೆಗೆಯಲಾಗದೆ ಹಿಂದಿನ ಸೀಟು ಮಡಚಿ ಒಳಗಿನಿಂದ ಎಳೆದುಕೊಂಡೆವು.

ಶಿವಮೊಗ್ಗದ ಸಾಗರ ರಸ್ತೆಯ ಕಡೆ ಕಾರಿನ ವೈರಿಂಗ್ ಕೆಲಸ ಮಾಡುವ ಒಂದು ಅಂಗಡಿಗೆ, ಸೆಂಟ್ರಲ್ ಲಾಕ್ (ಎಲ್ಲ ಬಾಗಿಲುಗಳ ಲಾಕನ್ನೂ ಒಟ್ಟಿಗೆ ಹಾಕುವ, ತೆಗೆಯುವ ವ್ಯವಸ್ಥೆ) ಹಾಕಿಸಲು ಬೇಸಿಗೆಯ ಕೊನೆಯಲ್ಲಿ ಕಾರನ್ನು ಒಯ್ದೆ. ನಾಲ್ಕು ಮೋಟರು, ಒಂದು ಕಂಟ್ರೋಲ್ ಬಾಕ್ಸ್, ಎರಡು ರಿಮೋಟ್ ಇರುವ ಸೆಟ್ಟಿಗೆ 1,900 ರೂಪಾಯಿ, ಡಿಕ್ಕಿಯ ಮೋಟರ್ ಮತ್ತು ಅದಕ್ಕೆ ವಿದ್ಯುತ್ತು ಹರಿಸುವ ಸ್ವಿಚ್ಚಾದ ರಿಲೇಗೆ 750, ಕೂಲಿ 1,400, ಹೀಗೆ ಒಟ್ಟು 4,050 ರೂಪಾಯಿ ಆಯಿತು. ಬೆಳಿಗ್ಗೆ ಹತ್ತಕ್ಕೆ ಬಿಟ್ಟ ಕಾರು ಸಂಜೆ ಐದೂವರೆಗೆ ಕೈಗೆ ಸಿಕ್ಕಿತು.

ಈ ಸೆಟ್ಟುಗಳ ಒಳಗಿನ ವ್ಯವಸ್ಥೆ ಸರಳವಾದದ್ದು. ಪ್ರತಿ ಬಾಗಿಲಿನ ಒಳಗೆ ಲಾಕಿನ ಸರಳಿಗೆ ಇನ್ನೊಂದು ಸಣ್ಣ ಸರಳನ್ನು ಕ್ಲ್ಯಾಂಪಿನಿಂದ ಬಿಗಿದು, ಅದರ ತುದಿಗೆ ಹನ್ನೆರಡು ವೋಲ್ಟಿನ ಮೋಟರ್ ಕೂರಿಸುತ್ತಾರೆ. ವಿದ್ಯುತ್ತು ಒಂದು ದಿಕ್ಕಿನಲ್ಲಿ ಹರಿದರೆ ಮೋಟರ್ ಸರಳನ್ನು ಎಳೆಯುತ್ತದೆ, ತಿರುಗಿಸಿ ಹರಿಸಿದರೆ ತಳ್ಳುತ್ತದೆ. ಚಾಲಕನ ಬಾಗಿಲಿನ ಮೋಟರಿಗೆ ಐದು ವೈರು, ಉಳಿದ ಮೂರಕ್ಕೆ ಎರಡೆರಡು. ಐದು ವೈರಿನ ಮೋಟರಿನೊಳಗೆ ಒಂದು ಸ್ವಿಚ್ ಇರುವುದರಿಂದ ಚಾಲಕನ ಬಾಗಿಲಿಗೆ ಕೀಲಿ ಹಾಕಿ ತಿರುಗಿಸಿದರೂ ಉಳಿದ ಬಾಗಿಲುಗಳು ಅದನ್ನು ಅನುಸರಿಸುತ್ತವೆ. ಹೀಗಾಗಿ ಯಾವ ಅಂಗಡಿಯಲ್ಲಿ ಯಾವ ಹೆಸರಿನ ಸೆಟ್ಟು ಕೊಂಡರೂ ವ್ಯತ್ಯಾಸ ಅಷ್ಟಕ್ಕಷ್ಟೆ. ನಾವು ಹಣ ಕೊಡುವುದು ಅದನ್ನು ಕೂರಿಸುವ ಕೈಗೆ, ಮತ್ತು ಮಲೆನಾಡಿನಲ್ಲಿ ಆ ಕೈಯ ಪರೀಕ್ಷೆಯಾಗುವುದು ಜೂನ್ ತಿಂಗಳಿನಲ್ಲಿ.

ಕೆಲಸ ನಡೆಯುವಾಗ ನಾನು ಹತ್ತಿರವೇ ನಿಂತು ನೋಡಿದೆ. ನನ್ನ ಕಾರಿನ ಬಾಗಿಲುಗಳಿಗೆ ಕಂಪನಿಯಿಂದ ಒಂದು ವೈರೂ ಹೋಗಿರಲಿಲ್ಲವಾದ್ದರಿಂದ ಬಾಗಿಲಿಗೂ ಅದನ್ನು ಕೂರಿಸಿರುವ ಕಾರಿನ ಕಂಬಕ್ಕೂ ಹೊಸ ತೂತು ಕೊರೆಯಬೇಕಾಯಿತು. ಕೆಲಸ ಮಾಡುತ್ತಿದ್ದ ಅಂಗಡಿಯ ಹುಡುಗ ಕೊರೆದ ಕೂಡಲೇ ವೈರು ತೂರಿಸಲಿಲ್ಲ. ತೂತಿನ ಅಂಚನ್ನು ಅರದಿಂದ ಉಜ್ಜಿ ನಯಮಾಡಿ, ಕಡ್ಡಿಯ ತುದಿಗೆ ಹತ್ತಿ ಸುತ್ತಿ ಕೆಂಪು ಪ್ರೈಮರ್ ಹಚ್ಚಿ, ಅದು ಒಣಗುವ ತನಕ ಇನ್ನೊಂದು ಬಾಗಿಲಿನ ಕೆಲಸ ಹಿಡಿದ. ಆಮೇಲೆ ತೂತಿನ ಅಂಚು ವೈರನ್ನು ಕೊರೆಯದಂತೆ ಕಾಯುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್ ಕೂರಿಸಿ, ಸುರುಳಿ ಪೈಪಿನೊಳಗೆ ವೈರು ಎಳೆದು, ಅದು ತೂತಿಗಿಂತ ಸ್ವಲ್ಪ ಕೆಳಗೆ ಜೋತು ಮತ್ತೆ ಮೇಲೇರುವಂತೆ ಬಿಟ್ಟ. ಕಾರಣ ಕೇಳಿದ್ದಕ್ಕೆ, "ನೀರು ವೈರಿನ ಗುಂಟ ಇಳಿದು ಬಂದರೂ ಈ ಬಳುಕಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ ಸಾರ್, ಒಳಗೆ ಹೋಗುವುದಿಲ್ಲ" ಎಂದ. ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ ಏರಿಸಿ, ಅದು ಮೋಟರಿಗೆ ತಾಗುವುದಿಲ್ಲವೆಂದು ನಾಲ್ಕೂ ಬಾಗಿಲುಗಳಲ್ಲಿ ನೋಡಿದ ಮೇಲೆಯೇ ಸ್ಕ್ರೂ ಬಿಗಿದದ್ದು. ಬ್ಯಾಟರಿಯಿಂದ ಬರುವ ವೈರಿಗೆ ಪ್ರತ್ಯೇಕ ಫ್ಯೂಸನ್ನೂ ಹಾಕಿದ. ಇಷ್ಟರ ಮಟ್ಟಿಗೆ ಆ ಕೆಲಸವನ್ನು ಮನಸಾರೆ ಮೆಚ್ಚುತ್ತೇನೆ.

ಮೆಚ್ಚಲಾಗದ್ದು ಎರಡು. ಬಾಗಿಲಿನ ಒಳಪ್ಯಾಡಿನ ಹಿಂದೆ, ಲೋಹಕ್ಕೆ ಅಂಟಿಕೊಂಡಂತೆ, ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಗಾಜಿನ ಗುಂಟ ಬಾಗಿಲಿನೊಳಗೆ ಮಳೆನೀರು ಇಳಿಯುವುದು ಸಹಜ. ಆ ನೀರು ಬಾಗಿಲಿನ ತಳದ ಸಣ್ಣ ರಂಧ್ರಗಳಿಂದ ಹೊರಗೆ ಹೋಗಬೇಕು, ಅದು ಕಾರಿನೊಳಗೆ ಬಾರದಂತೆ ತಡೆಯುವುದು ಈ ಹಾಳೆಯೇ. ಹಿಂದಿನ ಎಡಬಾಗಿಲಿನಲ್ಲಿ ಅದನ್ನು ಕೀಳುವಾಗ ಹರಿದು, ಹರಿದಂತೆಯೇ ಪ್ಯಾಡ್ ಮುಚ್ಚಿಬಿಟ್ಟಿದ್ದರು. ಜೂನ್ ಎರಡನೆಯ ವಾರ ಮಂಡಗದ್ದೆ ದಾಟಿದ ಮೇಲೆ ಹಿಡಿದ ಮಳೆ ತೀರ್ಥಹಳ್ಳಿಯ ತನಕ ಬಿಡಲಿಲ್ಲ. ಮನೆಗೆ ಬಂದು ನೋಡಿದರೆ ಅಮ್ಮನ ಕಾಲಬುಡದ ಮ್ಯಾಟು ಹಿಂಡುವಷ್ಟು ನೆನೆದಿತ್ತು. ವರ್ಷವಿಡೀ ಬಿಸಿಲಿರುವ ಊರಿನವರಿಗೆ ಇದು ಕ್ಷುಲ್ಲಕವಾಗಿ ಕಾಣಬಹುದು. ನಮ್ಮಲ್ಲಿ ಜೂನಿನಲ್ಲಿ ನೆನೆದ ಮ್ಯಾಟು ಸೆಪ್ಟೆಂಬರಿನ ತನಕ ಒಣಗುವುದಿಲ್ಲ, ಅದರಡಿಯ ತಗಡು ಅಷ್ಟೂ ದಿನ ತೇವದಲ್ಲೇ ಇರುತ್ತದೆ.

ಎರಡನೆಯದು ಡಿಕ್ಕಿ. ಅದರ ಕೊಂಡಿಯನ್ನು ಎಳೆಯುವ ಮೋಟರಿಗೆ ಬಾಗಿಲಿನ ಮೋಟರಿಗಿಂತ ಹೆಚ್ಚು ವಿದ್ಯುತ್ತು ಬೇಕು. ರಿಮೋಟಿನ ಬಾಕ್ಸಿನಿಂದ ಬರುವ ಸೂಕ್ಷ್ಮ ಸಂಕೇತ ಸಾಲದೆಂದೇ ನಡುವೆ ರಿಲೇ ಹಾಕುತ್ತಾರೆ, ಅದನ್ನು ಸರಿಯಾಗಿಯೇ ಹಾಕಿದ್ದರು. ಆದರೂ ಗುಂಡಿ ಒತ್ತಿದರೆ "ಟಕ್" ಎಂಬ ಸದ್ದು ಬರುತ್ತಿತ್ತು, ಡಿಕ್ಕಿ ಮಾತ್ರ ಕದಲುತ್ತಿರಲಿಲ್ಲ. ಕೊಂಡಿ ಬಿಡುತ್ತಿತ್ತು, ಹಿಂಬಾಗಿಲು ತನ್ನ ಭಾರಕ್ಕೆ ಅಲ್ಲೇ ಕುಳಿತಿರುತ್ತಿದ್ದುದರಿಂದ ಮೋಟರ್ ಹಿಂದೆ ಸರಿದೊಡನೆ ಮತ್ತೆ ಸಿಕ್ಕಿಕೊಳ್ಳುತ್ತಿತ್ತು. ಇಪ್ಪತ್ತು ವರ್ಷ ಒತ್ತಿ ಒತ್ತಿ ಚಪ್ಪಟೆಯಾದ, ಡಿಕ್ಕಿಯ ಅಂಚಿನ ರಬ್ಬರ್ ಪಟ್ಟಿಗೆ, ಅಂದರೆ ಬೀಡಿಂಗಿಗೆ, ಬಾಗಿಲನ್ನು ಮೇಲಕ್ಕೆ ನೂಕುವ ಶಕ್ತಿ ಉಳಿದಿರಲಿಲ್ಲ. ಕಾರು ಕೊಡುವ ಮೊದಲು ಇದನ್ನು ಅವರೇ ಪರೀಕ್ಷಿಸಬೇಕಿತ್ತು.

ಎರಡನ್ನೂ ಹೇಳಿಕೊಂಡು ಮತ್ತೆ ಅರವತ್ತು ಕಿಲೋಮೀಟರ್ ಹೋದೆ. ಅಂಗಡಿಯ ಯಜಮಾನರು ವಾದ ಮಾಡಲಿಲ್ಲ. ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಸುತ್ತಲೂ ಅಂಟುಪಟ್ಟಿ ಹಾಕಿ ನಾಲ್ಕೂ ಬಾಗಿಲಿಗೆ ಹೊಸದಾಗಿ ಕೂರಿಸಿಕೊಟ್ಟರು. ಬಾಗಿಲಿನ ತಳದ ರಂಧ್ರಗಳಲ್ಲಿ ಸಿಕ್ಕಿದ್ದ ಎಲೆಚೂರುಗಳನ್ನು ತಂತಿಯಿಂದ ತೆಗೆದರು. ಡಿಕ್ಕಿಗೆ ಹೊಸ ಬೀಡಿಂಗ್ ಹಾಕಿ, ಎರಡು ಬದಿಯ ರಬ್ಬರ್ ಬುಷ್‌ಗಳನ್ನು ತುಸು ಎತ್ತರಿಸಿದ ಮೇಲೆ ಗುಂಡಿ ಒತ್ತಿದರೆ ಹಿಂಬಾಗಿಲು ಎರಡು ಬೆರಳಿನಷ್ಟು ಮೇಲೇಳುತ್ತದೆ. ಬೀಡಿಂಗಿನ 450 ರೂಪಾಯಿ ಬಿಟ್ಟು ಬೇರೇನೂ ಕೇಳಲಿಲ್ಲ. ಮೊದಲ ಸಲ ಅವಸರ ಮಾಡಿದ ಅಂಗಡಿ, ಎರಡನೆಯ ಸಲ ನ್ಯಾಯವಾಗಿ ನಡೆದುಕೊಂಡಿತು.

ಇಂಥ ಕೆಲಸ ಮಾಡಿಸುವವರು ಒಂದನ್ನು ಮುಂಚಿತವಾಗಿ ಕೇಳಿಕೊಳ್ಳಬೇಕು. 2019ರ ಜುಲೈ 1ರ ನಂತರದ ಹೊಸ ಕಾರುಗಳಲ್ಲಿ ಸೆಂಟ್ರಲ್ ಲಾಕ್ ಕೈಕೊಟ್ಟರೆ ಕೈಯಿಂದ ತೆರೆಯುವ ವ್ಯವಸ್ಥೆ ಕಡ್ಡಾಯವಾಗಿದೆ. ಹೊರಗಿನಿಂದ ಹಾಕಿಸುವ ಸೆಟ್ಟಿನಲ್ಲಿ ಅದನ್ನು ನಾವೇ ಖಾತ್ರಿ ಮಾಡಿಕೊಳ್ಳಬೇಕು: ಬ್ಯಾಟರಿಯ ವೈರು ತೆಗೆಸಿ, ಒಳಗೆ ಕುಳಿತು ಪ್ರತಿ ಬಾಗಿಲಿನ ಲಾಕನ್ನೂ ಬೆರಳಿನಿಂದ ತೆರೆದು ನೋಡಬೇಕು. ನಾನು ಅಮ್ಮನಿಂದಲೇ ತೆರೆಸಿ ನೋಡಿದೆ. ಮೋಟರಿನ ಬಿಗಿಯಿಂದ ಲಾಕ್ ಮೊದಲಿಗಿಂತ ತುಸು ಗಟ್ಟಿಯಾಗಿದ್ದರೂ ಅವರ ಕೈಗೆ ಬಂತು. ಬ್ಯಾಟರಿ ಇಳಿದ ದಿನ ಡಿಕ್ಕಿಗೂ ಕೀಲಿಯೇ ಗತಿಯಾದ್ದರಿಂದ ತುಕ್ಕು ಹಿಡಿದ ಹಳೆಯ ಲಾಕನ್ನು ತೆಗೆಸಿ ಹೊಸದನ್ನು ಹಾಕಿಸಿದ್ದೇನೆ, ಅದರ ಕೀಲಿ ರಿಮೋಟಿನ ಜೊತೆ ಅದೇ ಗೊಂಚಲಿನಲ್ಲಿದೆ.