ಒಂದೇ ಮಿಂಚುಳ್ಳಿ, ಎರಡು ಪ್ರಿಂಟ್: ನಾಲ್ಕು ಮಳೆಗಾಲದ ಹೋಲಿಕೆ

ಬೆಂಗಳೂರಿನ ಗೋಡೆಗಳ ಮೇಲೆ ಬರೆಯುವ ಕಲಾವಿದರೊಬ್ಬರ ಮಿಂಚುಳ್ಳಿ ಚಿತ್ರದ ಎರಡು ಪ್ರಿಂಟ್ ನನ್ನ ಹತ್ತಿರ ಇವೆ. ಒಂದು ಸ್ಕ್ರೀನ್ ಪ್ರಿಂಟ್. 80 ಪ್ರತಿಗಳಲ್ಲಿ 23ನೆಯದು, 9,000 ರೂಪಾಯಿ ಕೊಟ್ಟಿದ್ದೆ. ಇನ್ನೊಂದು ಡಿಜಿಟಲ್, 250 ಪ್ರತಿಗಳಲ್ಲಿ ಒಂದು, 3,500 ರೂಪಾಯಿ. ಎರಡಕ್ಕೂ ಕೆಳಗಡೆ ಪೆನ್ಸಿಲ್ ಸಹಿ ಇದೆ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಎರಡೂ ನಾಲ್ಕು ಮಳೆಗಾಲ ಕಂಡಿವೆ. ಯಾವುದು ತಗೊಳ್ಳಲಿ ಎಂದು ಕೇಳಿದವರಿಗೆ ಸ್ಕ್ರೀನ್ ಪ್ರಿಂಟ್ ಎನ್ನುತ್ತೇನೆ. ಆದರೆ ಮಲೆನಾಡಿನವರಿಗೆ ಅಷ್ಟೇ ಹೇಳಿದರೆ ಸಾಲದು.

ಸ್ಕ್ರೀನ್ ಪ್ರಿಂಟನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ಶಾಯಿ ಕಾಗದದ ಮೇಲೆ ಎದ್ದು ಕೂತಿರುವುದು ಕಾಣುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಜಾಲರಿ ಪರದೆ ಇಟ್ಟು, ರಬ್ಬರ್ ಪಟ್ಟಿಯಿಂದ ಶಾಯಿ ಎಳೆದು ಅಚ್ಚು ಹಾಕುತ್ತಾರೆ. ನನ್ನ ಪ್ರತಿಯಲ್ಲಿ ಕೊಕ್ಕಿನ ಕೆಂಪು ಕಪ್ಪು ಗೆರೆಯ ಮೇಲೆ ಕೂದಲೆಳೆಯಷ್ಟು ಹತ್ತಿದೆ. ಅದನ್ನು ನೋಡಿದಾಗಲೆಲ್ಲ ಪರದೆ ಎಳೆದ ಕೈ ನೆನಪಾಗುತ್ತದೆ. ಗಡಿಯಾರ ರಿಪೇರಿಯವರ ಭೂತಗನ್ನಡಿಯಲ್ಲಿ ನೋಡಿದರೆ ಇಲ್ಲಿ ಬಣ್ಣ ಗಟ್ಟಿ ಹಾಸು, ಡಿಜಿಟಲ್‌ನಲ್ಲಿ ಸಾಸಿವೆಗಿಂತ ಎಷ್ಟೋ ಸಣ್ಣ ಚುಕ್ಕಿಗಳು. ಹೊಳೆಯ ನೀಲಿ ಹಸಿರಿಗೆ ತಿರುಗುವಲ್ಲಿ ಮಾತ್ರ ಡಿಜಿಟಲ್ ಗೆಲ್ಲುತ್ತದೆ. ಅಂಥ ನಯ ನಾಲ್ಕೈದು ಪರದೆಗಳಲ್ಲಿ ಬರುವುದಿಲ್ಲ.

ಎರಡಕ್ಕೂ ಶಿವಮೊಗ್ಗದ ಒಂದು ಅಂಗಡಿಯಲ್ಲಿ ಫ್ರೇಮ್ ಹಾಕಿಸಿದೆ. ಗಾಜಿಗೂ ಕಾಗದಕ್ಕೂ ನಡುವೆ ಅಂತರ ಕೊಡುವ ದಪ್ಪ ರಟ್ಟು, ಅಂದರೆ ಮೌಂಟ್ ಬೋರ್ಡ್, ಇಡದೆ ಕೂರಿಸಿಬಿಟ್ಟಿದ್ದರು. ಪುನರ್ವಸು ಮಳೆ ಹಿಡಿಯಿತು ನೋಡಿ, ಸ್ಕ್ರೀನ್ ಪ್ರಿಂಟಿನ ದಪ್ಪ ಶಾಯಿ ಒಂದು ಮೂಲೆಯಲ್ಲಿ ಗಾಜಿಗೆ ಅಂಟಿಕೊಂಡಿತು. ಬಿಡಿಸುವಾಗ ಉಗುರಗಲದ ಕಪ್ಪು ಕಿತ್ತುಬಂತು. ಹೊಟ್ಟೆ ಉರಿದುಹೋಯಿತು. ಡಿಜಿಟಲ್ ಪ್ರಿಂಟ್ ಗಾಜಿಗೆ ಅಂಟಲಿಲ್ಲ, ಆದರೆ ಹಿಂದೆ ಹಚ್ಚಿದ್ದ ಬ್ರೌನ್ ಟೇಪಿನ ಕಲೆ ಎರಡನೇ ಮಳೆಗಾಲಕ್ಕೆ ಮುಂದಿನ ಅಂಚಿನಲ್ಲಿ ಇಣುಕಿತು.

ಕಳೆದ ವರ್ಷ ಬೆಂಗಳೂರಿನ ಸಂಗ್ರಾಹಕರೊಬ್ಬರು ಬೆಲೆ ಕೇಳಿದರು. ಅವರಿಗೆ ಮೊದಲು ಬೇಕಾಗಿದ್ದು ಕಾಗದದ ಹಿಂಬದಿಯ ಫೋಟೋ. ಆಮೇಲೆ ನಾಲ್ಕೂ ಅಂಚು, ಬಿಲ್ಲು, ಸರ್ಟಿಫಿಕೇಟು. ಸ್ಕ್ರೀನ್ ಪ್ರಿಂಟಿಗೆ 14,000 ಹೇಳಿ, ಮೂಲೆ ಸರಿಯಿದ್ದಿದ್ದರೆ 20,000 ಕೊಡುತ್ತಿದ್ದೆ ಎಂದರು. ಡಿಜಿಟಲ್‌ಗೆ 2,500. ಪ್ರತಿಗಳ ಸಂಖ್ಯೆ ಕಡಿಮೆ ಇದ್ದದ್ದು ಬೆಲೆ ಏರಿಸಿತು, ಉಗುರಗಲದ ಗಾಯ 6,000 ಇಳಿಸಿತು.

ಸಹಿ ಮತ್ತು ದಾಖಲೆಯ ತೂಕ ತಿಳಿಯಬೇಕಾದರೆ ಬ್ರಿಟನ್ನಿನ ಗೋಡೆ ಕಲಾವಿದ ಬ್ಯಾಂಕ್ಸಿಯನ್ನು ನೋಡಬೇಕು. 2004ರ 'ಗರ್ಲ್ ವಿತ್ ಬಲೂನ್' ಪ್ರಿಂಟು ಸಹಿ ಇರುವುದು 150, ಇಲ್ಲದ್ದು 600. ಚಿತ್ರ ಒಂದೇ ಆದರೂ ಸಹಿ ಇದ್ದದ್ದಕ್ಕೆ ಹರಾಜಿನಲ್ಲಿ ಬಹಳ ಹೆಚ್ಚು ಬೆಲೆ. ಬ್ಯಾಂಕ್ಸಿಯ ಕೃತಿ ಅಸಲಿ ಎಂದು ದೃಢಪಡಿಸಲು 2008ರಲ್ಲಿ ಪೆಸ್ಟ್ ಕಂಟ್ರೋಲ್ ಎಂಬ ಕಚೇರಿ ಶುರುವಾಯಿತು. ಅದು ಕೊಡುವ ಸರ್ಟಿಫಿಕೇಟಿಗೆ ರಾಜಕುಮಾರಿ ಡಯಾನಾ ಮುಖವಿರುವ ಹತ್ತು ಪೌಂಡಿನ ಅಣಕು ನೋಟಿನ ಹರಿದ ಅರ್ಧವನ್ನು ಸ್ಟೇಪಲ್ ಮಾಡಿರುತ್ತಾರೆ. ಉಳಿದರ್ಧ ಅವರ ಬಳಿಯೇ ಇರುತ್ತದೆ, ಎರಡೂ ಕೂಡಬೇಕು. ನನಗೆ ಬಂದಿದ್ದು ಸಾದಾ ಸಹಿಯ ಪತ್ರ. ಅದನ್ನೂ ಬಿಲ್ಲನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಜಮೀನಿನ ಪತ್ರಗಳ ಜೊತೆ ಇಟ್ಟಿದ್ದೇನೆ.

ಗೋಡೆಗೆ ತೂಗುಹಾಕಿ ದಿನಾ ನೋಡಬೇಕೆಂದರೆ ಡಿಜಿಟಲ್ ತಗೊಳ್ಳಿ, ಮೌಂಟ್ ಬೋರ್ಡ್ ಹಾಕಿಸಿ, ಮಳೆ ಬಡಿಯುವ ಹೊರಗೋಡೆಗೆ ಮಾತ್ರ ಬೇಡ. ನನ್ನದು ಈಗ ಹೊಸ ಫ್ರೇಮಿನಲ್ಲಿ ನಡುಮನೆಯ ಒಳಗೋಡೆಯಲ್ಲಿದೆ. ಸ್ಕ್ರೀನ್ ಪ್ರಿಂಟ್ ಆರಿದ್ರೆ ಮಳೆಗೆ ಮುಂಚೆಯೇ ಫ್ರೇಮ್ ಬಿಟ್ಟು ಆಮ್ಲರಹಿತ ಕಾಗದಗಳ ನಡುವೆ ಬೀರುವಿನಲ್ಲಿ ಮಲಗುತ್ತದೆ, ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಹಳೇ ತಗಡಿನ ಮೇಲೆ ಬಿಸಿ ಮಾಡಿ ಒಣಗಿಸುತ್ತೇನೆ, ಇದಕ್ಕೆ ಅಡುಗೆಯ ಪಾತ್ರೆ ಬಳಸಬಾರದು. ದೀಪಾವಳಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಮಿಂಚುಳ್ಳಿ ಮತ್ತೆ ಹೊರಗೆ ಬರುತ್ತದೆ. 14,000ಕ್ಕೆ ಕೊಡಲಿಲ್ಲ.